ಹುಳಿ, ಖಾರ, ಜಿಡ್ಡು: ಮನೆಯ ರಾತ್ರಿಯೂಟಕ್ಕೆ ವೈನ್ ಆರಿಸುವ ಕ್ರಮ

ವೈನ್ ಪರಿಚಯಿಸುವ ಬರಹಗಳು ಸಾಮಾನ್ಯವಾಗಿ ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ ಎಂಬ ಸೂತ್ರದಿಂದಲೇ ಆರಂಭವಾಗುತ್ತವೆ. ಹುಣಸೆಹಣ್ಣು, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಯಾವುದೂ ಇಲ್ಲದ ಫ್ರಾನ್ಸಿನ ಊಟದ ಮೇಜಿನಲ್ಲಿ ಆ ಸೂತ್ರಕ್ಕೆ ಅರ್ಥವಿರಬಹುದು. ಅದನ್ನೇ ನಂಬಿ ನಾಟಿಕೋಳಿ ಸಾರಿನ ಜೊತೆಗೆ ದುಬಾರಿ ಕೆಂಪು ವೈನಾದ ಕ್ಯಾಬರ್ನೆ ಸೊವಿನ್ಯೋ ತೆರೆದವರಿಗೆ ಸಾರಿನ ಖಾರ ಇಮ್ಮಡಿಯಾಗಿ, ವೈನ್ ಕಹಿಯಾಗಿ, ಎರಡರ ರುಚಿಯೂ ಕೈತಪ್ಪುತ್ತದೆ. ನಮ್ಮ ಮನೆಯಡುಗೆಯ ಮಟ್ಟಿಗೆ, ಪಾತ್ರೆಯಲ್ಲಿರುವುದು ಕೋಳಿಯೋ ಬದನೆಕಾಯಿಯೋ ಎನ್ನುವುದು ಎರಡನೆಯ ಪ್ರಶ್ನೆ. ಅದು ಬೆಂದ ಮಸಾಲೆಯಲ್ಲಿ ಹುಳಿ ಎಷ್ಟು, ಖಾರ ಎಷ್ಟು, ತೆಂಗಿನಕಾಯಿ ಅಥವಾ ಎಣ್ಣೆಯ ಜಿಡ್ಡು ಎಷ್ಟು ಎನ್ನುವುದೇ ವೈನನ್ನು ನಿರ್ಧರಿಸುತ್ತದೆ.

ಹಬ್ಬದ ಔತಣವನ್ನಾಗಲಿ ಹೋಟೆಲಿನ ಊಟವನ್ನಾಗಲಿ ಇಲ್ಲಿ ಪ್ರಸ್ತಾಪಿಸಿಲ್ಲ. ವಾರದ ನಡುವಿನ ಒಂದು ರಾತ್ರಿ, ಒಲೆಯ ಮೇಲೆ ಇರುವ ಅಡುಗೆಗೆ, ಪೇಟೆಯಲ್ಲಿ ಸುಲಭವಾಗಿ ಸಿಗುವ ವೈನನ್ನು ಹೇಗೆ ಹೊಂದಿಸಬೇಕು ಎಂಬುದಷ್ಟೇ ವಿಷಯ. ಬಾಟಲಿಗಾಗಿ ದೂರ ಹುಡುಕಬೇಕಾಗಿಯೂ ಇಲ್ಲ. ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ಸ್ಥಾಪಿಸಿದ ವೈನರಿ ಇಂದು ಗ್ರೋವರ್ ಝಂಪಾ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಕೊಪ್ಪಳ ಜಿಲ್ಲೆಯಲ್ಲಿ ಕೃಸ್ಮಾ ಇದೆ, ನಾಸಿಕ್‌ನಲ್ಲಿ 2000ದಲ್ಲಿ ಮೊದಲ ಬಾಟಲಿಗಳನ್ನು ಹೊರತಂದ ಸುಲಾ ಇದೆ, ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಫ್ರಾತೆಲ್ಲಿ ಇದೆ.

ಮೊದಲ ಕೆಲಸ: ಅಡುಗೆಯ ರುಚಿ ನೋಡುವುದು

ಸಾರು ಅಥವಾ ಗೊಜ್ಜು ಕುದಿದು ಇಳಿದ ಮೇಲೆ ಒಂದು ಚಮಚ ಅಂಗೈಗೆ ಹಾಕಿಕೊಂಡು ರುಚಿ ನೋಡುವ ಅಭ್ಯಾಸ ಎಲ್ಲ ಮನೆಗಳಲ್ಲಿಯೂ ಇದೆ. ವೈನ್ ಆರಿಸುವುದಕ್ಕೂ ಅದೇ ಸಾಕು, ಆದರೆ ಉಪ್ಪು ಸರಿಯಿದೆಯೇ ಎಂಬ ಪ್ರಶ್ನೆಯ ಜೊತೆಗೆ ಇನ್ನೂ ಕೆಲವನ್ನು ಕೇಳಿಕೊಳ್ಳಬೇಕಾಗುತ್ತದೆ.

ಮೊದಲನೆಯದು ಹುಳಿ. ಹುಳಿಯಾದ ಅಡುಗೆ ತಿಂದ ನಾಲಿಗೆಗೆ ವೈನಿನ ಹುಳಿ ಕಡಿಮೆಯಾದಂತೆ ತೋರುತ್ತದೆ, ಆದ್ದರಿಂದ ಮೊದಲೇ ಹುಳಿ ಕಡಿಮೆ ಇರುವ ವೈನ್ ಸಪ್ಪೆಯಾಗಿ, ನೀರುನೀರಾಗಿ ಕೆಡುತ್ತದೆ. ವೈನಿನ ಹುಳಿ ಅಡುಗೆಯ ಹುಳಿಗೆ ಸಮನಾಗಿರಬೇಕು, ಸ್ವಲ್ಪ ಹೆಚ್ಚಾದರೂ ಅಡ್ಡಿಯಿಲ್ಲ. ದ್ರಾಕ್ಷಿಯ ಮುಖ್ಯ ಆಮ್ಲವಾದ ಟಾರ್ಟಾರಿಕ್ ಆಮ್ಲವೇ ಹುಣಸೆಹಣ್ಣಿನ ಹುಳಿಗೂ ಮುಖ್ಯ ಕಾರಣ. ಹುಣಸೆ ಹಾಕಿದ ಅಡುಗೆಗೆ ವೈನ್ ಒಗ್ಗುವುದಿಲ್ಲ ಎಂದು ಹೇಳುವವರು ಈ ಸಂಬಂಧವನ್ನು ಗಮನಿಸಿದಂತಿಲ್ಲ. ಒಗ್ಗದಿರುವುದು ಹುಳಿಯಿಲ್ಲದ, ದಪ್ಪ ಮೈಯ, ಓಕ್ ಮರದ ಪೀಪಾಯಿಯಲ್ಲಿ ಕೂತ ವೈನ್ ಮಾತ್ರ.

ಎರಡನೆಯದು ಖಾರ, ಮತ್ತು ಹೆಚ್ಚಿನ ಜೋಡಣೆಗಳು ಕೆಡುವುದು ಇಲ್ಲಿಯೇ. ಬಿಸಿಯನ್ನು ಗುರುತಿಸುವ ನರತಂತುಗಳ ಒಂದು ಗ್ರಾಹಕ ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಚ್ಚರಗೊಳ್ಳುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅದನ್ನೇ ಕೆರಳಿಸುತ್ತದೆ, ಆಲ್ಕೊಹಾಲ್ ಅದೇ ಗ್ರಾಹಕದ ಮಿತಿಯನ್ನು ಸುಮಾರು 34 ಡಿಗ್ರಿಗೆ ಇಳಿಸುತ್ತದೆ. ಅಂದರೆ ಬಾಯಿಯ ಸಹಜ ಬಿಸುಪೇ ಉರಿಯಾಗಿ ತೋರುವ ಸ್ಥಿತಿಗೆ ಖಾರ ಮತ್ತು ಆಲ್ಕೊಹಾಲ್ ಎರಡೂ ಕೂಡಿ ನಾಲಿಗೆಯನ್ನು ತಂದು ನಿಲ್ಲಿಸುತ್ತವೆ. ಹೀಗಾಗಿ ಖಾರ ಏರಿದಂತೆ ವೈನಿನ ಆಲ್ಕೊಹಾಲ್ ಇಳಿಯಬೇಕು ಮತ್ತು ಅದರಲ್ಲಿ ಸ್ವಲ್ಪ ಸಿಹಿ ಉಳಿದಿರಬೇಕು. ಬಣ್ಣ ಹೆಚ್ಚು ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಮಾಡಿದ ಅಡುಗೆಗೂ ಗುಂಟೂರು ಮೆಣಸಿನಕಾಯಿಯಲ್ಲಿ ಮಾಡಿದ ಅದೇ ಅಡುಗೆಗೂ ಬೇರೆ ಬೇರೆ ಬಾಟಲಿ ಬೇಕಾಗುತ್ತದೆ, ಕಣ್ಣಿಗೆ ಎರಡೂ ಒಂದೇ ಕೆಂಪಾಗಿ ಕಂಡರೂ.

ಮೂರನೆಯದು ಜಿಡ್ಡು: ತೆಂಗಿನಹಾಲು, ಕಡಲೆಕಾಯಿ, ಎಳ್ಳು, ತುಪ್ಪ, ಮಾಂಸದ ಕೊಬ್ಬು. ಕೆಂಪು ವೈನಿನ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ಅಂಶ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದುಕೊಂಡು, ಎಳೆ ಅಡಿಕೆ ಜಗಿದಾಗ ಆಗುವಂತೆ, ಬಾಯಿಯನ್ನು ಒಣಗಿಸುತ್ತದೆ. ತಟ್ಟೆಯಲ್ಲಿ ಕೊಬ್ಬು ಮತ್ತು ಮಾಂಸ ಇದ್ದರೆ ಆ ಒಗರಿಗೆ ಹಿಡಿಯಲು ಬೇರೆ ವಸ್ತು ಸಿಗುತ್ತದೆ, ವೈನ್ ಮೆತ್ತಗಾಗುತ್ತದೆ. ತೆಳ್ಳನೆಯ, ಖಾರದ, ಜಿಡ್ಡಿಲ್ಲದ ಸಾರಿನ ಎದುರಿಗೆ ಆ ಒಗರು ಬರಿಯ ಕಹಿಯಾಗಿ ಉಳಿಯುತ್ತದೆ.

ಬೆಲ್ಲದ ವಿಷಯಕ್ಕೆ ಒಂದೇ ನಿಯಮ ಸಾಕು. ವೈನಿನ ಸಿಹಿ ಅಡುಗೆಯ ಸಿಹಿಗಿಂತ ಕಡಿಮೆಯಿರಬಾರದು. ಅನಾನಸಿನ ಮೆಣಸುಕಾಯಿ ಅಥವಾ ಮಾವಿನಹಣ್ಣಿನ ಗೊಜ್ಜಿನ ಜೊತೆಗೆ ಒಣ, ಅಂದರೆ ಸಿಹಿ ಉಳಿದಿರದ, ವೈನ್ ಕುಡಿದರೆ ಅದು ನಿಂಬೆರಸದಂತೆ ಚುಚ್ಚುವುದು ಈ ಕಾರಣದಿಂದಲೇ.

ಬಾಟಲಿಯ ಚೀಟಿ ಓದುವುದು

ಅಂಗಡಿಯಲ್ಲಿ ಚೀಟಿಯ ಮುಂಭಾಗದ ಚಿತ್ರವನ್ನು ಬಿಟ್ಟು ಹಿಂಭಾಗ ನೋಡಬೇಕು. ದ್ರಾಕ್ಷಿಯ ತಳಿ, ಆಲ್ಕೊಹಾಲಿನ ಪ್ರಮಾಣ ಮತ್ತು ಕೊಯ್ಲಿನ ವರ್ಷ ಈ ಮೂರು ತಿಳಿದರೆ ಉಳಿದುದು ಬಹುಮಟ್ಟಿಗೆ ಊಹೆಗೆ ನಿಲುಕುತ್ತದೆ. ಭಾರತದ ವೈನುಗಳಲ್ಲಿ ಆಲ್ಕೊಹಾಲ್ ಬಹುತೇಕ ಶೇ 12ರಿಂದ 14ರವರೆಗೆ ಇರುತ್ತದೆ. ಖಾರದ ಊಟಕ್ಕೆ ಆ ಸಾಲಿನ ಕೆಳತುದಿಯದೇ ಒಳ್ಳೆಯದು.

ವರ್ಷದ ವಿಷಯದಲ್ಲಿ ನಮ್ಮ ನೆಲದ ವಿಶೇಷವೊಂದಿದೆ. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ಆಸುಪಾಸಿನಲ್ಲಿ ನಡೆದರೆ, ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲದ ನಮ್ಮಲ್ಲಿ ಮಳೆ ಮುಗಿದ ಮೇಲೆ ಸವರಿ, ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಕೊಯ್ಯುತ್ತಾರೆ. ಹಾಗಾಗಿ ಚೀಟಿಯಲ್ಲಿ ಒಂದೇ ವರ್ಷ ಮುದ್ರಿತವಾಗಿದ್ದರೂ ನಂದಿಯ ಬಿಳಿ ವೈನ್ ಫ್ರಾನ್ಸಿನ ಬಿಳಿ ವೈನಿಗಿಂತ ಅರ್ಧ ವರ್ಷಕ್ಕೂ ಹೆಚ್ಚು ಹಳೆಯದಾಗಿರುತ್ತದೆ. ಶೆನಿನ್ ಬ್ಲಾಂ, ಸೊವಿನ್ಯೋ ಬ್ಲಾಂ ಎಂಬ ಬಿಳಿ ವೈನುಗಳನ್ನು ಮತ್ತು ತಿಳಿಗೆಂಪಿನ ರೋಸೆಗಳನ್ನು ಕೊಯ್ಲಾದ ಎರಡು ವರ್ಷಗಳ ಒಳಗೆ ಕುಡಿಯುವುದು ಸೂಕ್ತ. ಹಳೆಯದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇವುಗಳಿಗೆ ಅನ್ವಯಿಸುವುದಿಲ್ಲ.

ಇನ್ನೊಂದು ಎಚ್ಚರಿಕೆ ಅಂಗಡಿಯ ಬಗ್ಗೆಯೇ. ನಮ್ಮ ಊರುಗಳಲ್ಲಿ ಫಲಕದ ಮೇಲೆ ‘ವೈನ್ಸ್’ ಎಂದಿರುವ ಮಳಿಗೆಗಳಲ್ಲಿ ರಮ್ಮು, ವಿಸ್ಕಿಗಳು ಸಾಲಾಗಿ ನಿಂತಿದ್ದು, ವೈನ್ ಮಾತ್ರ ಯಾವುದೋ ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಬೇಯುತ್ತಿರುವುದೇ ಹೆಚ್ಚು. ಬಿಸಿಲು ಬೀಳುವ ಕಡೆ ಇಟ್ಟ, ದೂಳು ಹಿಡಿದ, ಬಿರಡೆ ಸ್ವಲ್ಪ ಮೇಲೆದ್ದ ಬಾಟಲಿಯನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ತರಬಾರದು. ತಿರುಚು ಮುಚ್ಚಳದ ಬಾಟಲಿಯನ್ನು ಕೀಳೆಂದು ಭಾವಿಸುವ ಕಾರಣವಿಲ್ಲ, ದಿನನಿತ್ಯದ ಬಳಕೆಗೆ ಅದೇ ಅನುಕೂಲ.

ಎಷ್ಟು ತಂಪು

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತು ಹುಟ್ಟಿದ್ದು 17 ಅಥವಾ 18 ಡಿಗ್ರಿಯ ಕಲ್ಲಿನ ಕೋಣೆಗಳಲ್ಲಿ. ಏಪ್ರಿಲ್‌ನ ಬೆಂಗಳೂರಿನ ಅಡುಗೆಮನೆ ರಾತ್ರಿ ಎಂಟಕ್ಕೂ 28 ಡಿಗ್ರಿಯಲ್ಲಿರಬಹುದು, ಕಲಬುರಗಿಯ ವಿಷಯ ಹೇಳುವುದೇ ಬೇಡ. ಆ ಬಿಸಿಯಲ್ಲಿ ಆಲ್ಕೊಹಾಲಿನ ಘಾಟು ಮೂಗಿಗೆ ಹೊಡೆದು, ಖಾರವೂ ಹೆಚ್ಚುತ್ತದೆ. ಕೆಂಪು ವೈನನ್ನು ಊಟಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ಫ್ರಿಜ್ಜಿನಲ್ಲಿ ಇಟ್ಟರೆ 16ರಿಂದ 18 ಡಿಗ್ರಿಯ ಹತ್ತಿರಕ್ಕೆ ಬರುತ್ತದೆ. ಒಗರು ಕಡಿಮೆಯಿರುವ ತೆಳು ಕೆಂಪು ವೈನುಗಳನ್ನು 14 ಡಿಗ್ರಿಯವರೆಗೂ ತಣಿಸಬಹುದು. ಬಿಳಿ ಮತ್ತು ರೋಸೆಗೆ 8ರಿಂದ 12, ಗುಳ್ಳೆಯ ವೈನಿಗೆ 6ರಿಂದ 8 ಡಿಗ್ರಿ ಹಿತ. ಮರೆತಿದ್ದರೆ ಐಸು ಮತ್ತು ನೀರನ್ನು ಸಮ ಪ್ರಮಾಣದಲ್ಲಿ ತುಂಬಿದ ಬಕೆಟ್ಟಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿಯನ್ನು ಮುಳುಗಿಸಿದರೆ ಕಾಲು ಗಂಟೆಯಲ್ಲಿ ಬಿಳಿ ವೈನ್ ಸಿದ್ಧವಾಗುತ್ತದೆ.

ಊಟದ ಯಾವ ಹೊತ್ತಿಗೆ

ನಮ್ಮ ಊಟ ಒಂದು ಕ್ರಮದಲ್ಲಿ ಸಾಗುತ್ತದೆ. ಪಲ್ಯ, ಕೋಸಂಬರಿ, ರೊಟ್ಟಿ ಅಥವಾ ಮುದ್ದೆ, ಅನ್ನದ ಜೊತೆ ಹುಳಿ, ಸಾರು, ಕೊನೆಗೆ ಮಜ್ಜಿಗೆ. ಇವೆಲ್ಲಕ್ಕೂ ಒಂದೇ ವೈನ್ ಜೊತೆಯಾಗಬೇಕೆಂದು ಹಟ ಹಿಡಿಯುವುದರಲ್ಲಿ ಹುರುಳಿಲ್ಲ. ಹಬೆಯಾಡುವ ಸಾರನ್ನವನ್ನು ಕಲಸಿ ಉಣ್ಣುವಾಗ ನಡುವೆ ತಣ್ಣಗಿನ ವೈನ್ ಗುಟುಕರಿಸುವುದರಿಂದ ಎರಡಕ್ಕೂ ನಷ್ಟ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಾರು ಸ್ವತಃ ಕುಡಿಯುವ ಪದಾರ್ಥ, ಅದಕ್ಕೆ ಇನ್ನೊಂದು ದ್ರವದ ಹಂಗಿಲ್ಲ. ಮೊಸರನ್ನದ ಹೊತ್ತಿಗಂತೂ ಲೋಟ ಖಾಲಿಯಾಗಿರುವುದೇ ಕ್ಷೇಮ. ಮೊಸರಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಖಾರವನ್ನು ತೊಳೆಯುವ ಕೆಲಸವನ್ನು ಯಾವ ವೈನೂ ಮಾಡಲಾರದಷ್ಟು ಚೆನ್ನಾಗಿ ಮಾಡುತ್ತದೆ.

ವೈನಿಗೆ ಹೊಂದುವುದು ಊಟದ ಮೊದಲರ್ಧ, ಅಂದರೆ ನಂಜಿಕೊಳ್ಳುವ ಪದಾರ್ಥಗಳು, ಹುರಿದವು, ಕರಿದವು, ರೊಟ್ಟಿಯ ಜೊತೆಯವು, ಗಟ್ಟಿ ಮಸಾಲೆಯವು. ಉಪ್ಪಿನಕಾಯಿಯನ್ನು ಮೊಸರಿನ ಪಾಲಿಗೆ ಬಿಡಬೇಕು, ಏಕೆಂದರೆ ಅದರ ಉಪ್ಪು, ಹುಳಿ, ಖಾರಗಳ ಒಟ್ಟು ಏಟಿಗೆ ತಡೆಯುವ ಬಾಟಲಿ ಇಲ್ಲ. ಕೈಯಲ್ಲಿ ಉಣ್ಣುವವರು ಲೋಟವನ್ನು ಎಡಗೈಯಲ್ಲಿ, ಕಾಂಡದ ಬಳಿ ಹಿಡಿಯುವುದನ್ನು ರೂಢಿಸಿಕೊಂಡರೆ ಗಾಜೂ ಜಿಡ್ಡಾಗುವುದಿಲ್ಲ, ವೈನೂ ಅಂಗೈಯ ಬಿಸಿಗೆ ಕಾಯುವುದಿಲ್ಲ.

ಅಡುಗೆಯಿಂದ ಅಡುಗೆಗೆ

ಹಪ್ಪಳ, ಸಂಡಿಗೆ, ಬಜ್ಜಿ, ಮದ್ದೂರು ವಡೆ ಇವುಗಳಿಂದ ಆರಂಭಿಸುವುದು ಸುಲಭ. ಉಪ್ಪು ಮತ್ತು ಕರಿದ ಎಣ್ಣೆಯ ಎದುರಿಗೆ ಗುಳ್ಳೆಯುಳ್ಳ ಒಣ ವೈನಿನಷ್ಟು ಚೊಕ್ಕವಾಗಿ ಕೆಲಸ ಮಾಡುವುದು ಬೇರೆ ಇಲ್ಲ. ಅದರ ಹುಳಿ ಎಣ್ಣೆಯನ್ನು ಕತ್ತರಿಸುತ್ತದೆ, ಗುಳ್ಳೆಗಳು ನಾಲಿಗೆಯನ್ನು ತೊಳೆಯುತ್ತವೆ. ‘ಬ್ರೂಟ್’ ಎಂದು ಬರೆದಿರುವ ಬಾಟಲಿಗಳು ನಾಸಿಕ್‌ನಿಂದ ಹಲವು ಬರುತ್ತವೆ. ಗುಳ್ಳೆ ವೈನನ್ನು ಮದುವೆಯ ವಾರ್ಷಿಕೋತ್ಸವಕ್ಕೆಂದು ಎತ್ತಿಡುವ ನಮ್ಮ ಪದ್ಧತಿಯಿಂದ ಹಪ್ಪಳಕ್ಕೆ ಅನ್ಯಾಯವಾಗುತ್ತಿದೆ.

ಸೊಪ್ಪಿನ ಅಡುಗೆಗಳಿಗೆ ಸೊವಿನ್ಯೋ ಬ್ಲಾಂ. ಈ ತಳಿಯ ಹಸಿರು ವಾಸನೆಗೆ ಕಾರಣವಾದ ಪೈರಾಜಿನ್ ವರ್ಗದ ಸಂಯುಕ್ತಗಳೇ ದೊಣ್ಣೆಮೆಣಸಿನಕಾಯಿಯಲ್ಲೂ ಇವೆ. ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿರೊಟ್ಟಿ, ಮೆಂತ್ಯೆ ಸೊಪ್ಪಿನ ಪಲ್ಯ, ದೊಣ್ಣೆಮೆಣಸಿನಕಾಯಿಯ ಪಲ್ಯ, ನಿಂಬೆಹಣ್ಣಿನ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ ಇವೆಲ್ಲಕ್ಕೂ ಅದು ಸಲೀಸಾಗಿ ಒಗ್ಗುತ್ತದೆ. ಚಳಿಗಾಲದಲ್ಲಿ ಸೊಗಡಿನ ಅವರೆಕಾಳು ಬಂದಾಗ ಅಕ್ಕಿರೊಟ್ಟಿಗೆ ಕಾಳು ಬೆರೆಸಿ ತಟ್ಟಿ, ಬೆಣ್ಣೆ ಹಾಕಿಕೊಂಡರೆ, ವಾರದ ರಾತ್ರಿಯ ಊಟಗಳಲ್ಲಿ ಇದಕ್ಕಿಂತ ಒಳ್ಳೆಯ ಜೋಡಿಯನ್ನು ನಾನು ಕಂಡಿಲ್ಲ.

ಹುಣಸೆ, ಬೆಲ್ಲ, ಖಾರ ಮೂರೂ ಕೂಡಿದ ಹಳೆಯ ಮೈಸೂರಿನ ಅಡುಗೆಗಳಿಗೆ ಸ್ವಲ್ಪ ಸಿಹಿ ಉಳಿಸಿಕೊಂಡ ಶೆನಿನ್ ಬ್ಲಾಂ ಬೇಕು. ಫ್ರಾನ್ಸಿನ ಲ್ವಾರ್ ಕಣಿವೆಯ ಈ ತಳಿ ನಾಸಿಕ್‌ನ ಬಿಸಿಲಿನಲ್ಲೂ ತನ್ನ ಹುಳಿಯನ್ನು ಬಿಟ್ಟುಕೊಡುವುದಿಲ್ಲ, ಬೆಲೆಯೂ ಕೈಗೆಟುಕುವಂತಿದೆ. ಬಿಸಿಬೇಳೆಬಾತಿನ ಚಕ್ಕೆ, ಮರಾಠಿ ಮೊಗ್ಗು, ಕೊಬ್ಬರಿಯ ಪರಿಮಳದ ಜೊತೆ, ಪುಳಿಯೋಗರೆಯ ಎಳ್ಳು ಮತ್ತು ಹುಣಸೆಯ ಜೊತೆ ಅದು ನಿಲ್ಲುತ್ತದೆ. ಒಂದು ಷರತ್ತು ಮಾತ್ರ ಇದೆ. ಬಿಸಿಬೇಳೆಬಾತನ್ನು ಒಲೆಯಿಂದ ಇಳಿಸಿದ ತಕ್ಷಣ ಬಡಿಸದೆ, ತುಪ್ಪ ಹಾಕಿ ಹತ್ತು ನಿಮಿಷ ಆರಲು ಬಿಡಬೇಕು.

ಉತ್ತರ ಕರ್ನಾಟಕದ ತಟ್ಟೆ ಇನ್ನೊಂದು ಬಗೆಯದು. ಎಣ್ಣೆಗಾಯಿಯ ಒಳಗಿನ ಶೇಂಗಾ, ಎಳ್ಳು, ಗುರೆಳ್ಳಿನ ಪುಡಿಗೆ ಹುರಿದ ಪರಿಮಳವಿದೆ, ಮೈತುಂಬ ಎಣ್ಣೆಯಿದೆ, ಜೋಳದ ರೊಟ್ಟಿಗೆ ತನ್ನದೇ ಒಂದು ಒಣತನವಿದೆ. ಕೆಂಪು ವೈನ್ ನಿಜವಾಗಿಯೂ ಕೆಲಸಕ್ಕೆ ಬರುವ ಶಾಕಾಹಾರಿ ಊಟ ಇದು. ಹುಳಿ ಚೆನ್ನಾಗಿದ್ದು ಒಗರು ಹದವಾಗಿರುವ ಸಾಂಜೊವೇಸೆ ಇದಕ್ಕೆ ನನ್ನ ಮೊದಲ ಆಯ್ಕೆ. ಇಟಲಿಯ ಈ ತಳಿಯನ್ನು ಫ್ರಾತೆಲ್ಲಿ ಮತ್ತು ಕೃಸ್ಮಾ ಎರಡೂ ಬೆಳೆಸುತ್ತವೆ. ಅದು ಸಿಗದಿದ್ದರೆ ಪೀಪಾಯಿಯಲ್ಲಿ ಇಡದ ಶಿರಾಜನ್ನು ತುಸು ತಣಿಸಿ ಕೊಡಬಹುದು. ಪಕ್ಕದಲ್ಲಿ ಹಸಿಮೆಣಸಿನಕಾಯಿಯ ಖಾರ ಇದ್ದರೆ ಮಾತ್ರ ಕೆಂಪನ್ನು ಬಿಟ್ಟು ರೋಸೆಗೆ ಹೋಗಬೇಕು.

ರಾಗಿಮುದ್ದೆಯ ಊಟ ಕಠಿಣ. ಮುದ್ದೆಯನ್ನು ಜಗಿಯದೆ ನುಂಗುವುದರಿಂದ ಬಾಯಿಯಲ್ಲಿ ಉಳಿಯುವುದು ಸಾರಿನ ರುಚಿ ಮಾತ್ರ. ಉಪ್ಪುಸಾರು, ಬಸ್ಸಾರುಗಳಿಗೆ ವೈನ್ ಹುಡುಕುವ ಪ್ರಯತ್ನ ಬೇಡ. ನಾಟಿಕೋಳಿ ಸಾರಿನ ದಿನ ತಣ್ಣಗಿನ ಒಣ ರೋಸೆಯನ್ನು, ಮುದ್ದೆ ಮುಗಿಸಿ ತುಂಡುಗಳನ್ನು ನಿಧಾನವಾಗಿ ಸವಿಯುವ ಹೊತ್ತಿಗೆ ಬಡಿಸುವುದು ಒಳ್ಳೆಯದು. ಕುರಿ ಮಾಂಸವನ್ನು ಸಾರು ಮಾಡದೆ ಗಟ್ಟಿ ಚಾಪ್ಸ್ ಅಥವಾ ಪೆಪ್ಪರ್ ಫ್ರೈ ಮಾಡಿದ್ದರೆ ಎತ್ತಿಟ್ಟ ಒಳ್ಳೆಯ ಕ್ಯಾಬರ್ನೆಯನ್ನು ಧೈರ್ಯವಾಗಿ ತೆರೆಯಬಹುದು. ಗ್ರೋವರ್‌ನ ಲಾ ರಿಸರ್ವ್‌ನಂತಹ ಕ್ಯಾಬರ್ನೆ ಮತ್ತು ಶಿರಾಜ್ ಮಿಶ್ರಣಗಳಿಗೆ ಇಂಥ ರಾತ್ರಿಗಳೇ ತಕ್ಕವು.

ಕರಾವಳಿಯ ಅಡುಗೆಗೆ ಬರುವಾಗ ಮೀನಿಗೆ ಬಿಳಿ ಎಂಬ ಹಳೆಯ ಸೂತ್ರ ಒಂದು ಮಟ್ಟಿಗೆ ನಿಜವಾಗುತ್ತದೆ, ಕಾರಣ ಮಾತ್ರ ಬೇರೆ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿನೊಡನೆ ಸೇರಿ ಬಾಯಲ್ಲಿ ಕೆಟ್ಟ ಮೀನುವಾಸನೆ ಉಳಿಸುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿಕೊಟ್ಟರು. ಬಂಗುಡೆ, ಬೂತಾಯಿಗಳಂತಹ ಎಣ್ಣೆಮೀನುಗಳ ಜೊತೆ ಕೆಂಪು ವೈನನ್ನು ಇಡದಿರುವುದು ಒಳ್ಳೆಯದು. ರವೆ ಹಚ್ಚಿ ಹುರಿದ ಕಾಣೆಗೆ ಸೊವಿನ್ಯೋ ಬ್ಲಾಂ ಅಥವಾ ಬ್ರೂಟ್, ಬಂಗುಡೆ ಪುಳಿಮುಂಚಿಗೆ ತುಸು ಸಿಹಿಯ ಶೆನಿನ್ ಬ್ಲಾಂ ಸಾಕು. ತೆಂಗಿನಹಾಲು ಹಾಕಿದ ಕೋಳಿ ಗಸಿಯನ್ನು ನೀರುದೋಸೆ ಅಥವಾ ಗರಿಗರಿ ಕೋರಿರೊಟ್ಟಿಯ ಜೊತೆ ಉಣ್ಣುವಾಗ ವಿಯೊನ್ಯೇ ಎಂಬ ಬಿಳಿ ವೈನ್ ಚೆನ್ನ. ಅದರ ಮೈ ತೆಂಗಿನಹಾಲಿನಷ್ಟೇ ತುಂಬಿಕೊಂಡಿರುತ್ತದೆ, ಹೂವಿನ ಪರಿಮಳ ಕೊತ್ತಂಬರಿ ಬೀಜದ ಮಸಾಲೆಗೆ ಹತ್ತಿರವಾಗಿದೆ.

ಕೊಡಗಿನ ಪಂದಿ ಕರಿಗೆ ಸ್ವಲ್ಪ ಹೆಚ್ಚು ಗಮನ ಕೊಡಬೇಕು, ಏಕೆಂದರೆ ವೈನಿಗೆ ಬೇಕಾದುದೆಲ್ಲ ಅದರಲ್ಲಿದೆ. ಕಪ್ಪಾಗಿ ಹುರಿದ ಮಸಾಲೆ, ಹಂದಿಯ ಕೊಬ್ಬು, ಕಾಳುಮೆಣಸು, ಕೊನೆಗೆ ಬೀಳುವ ಕಾಚಂಪುಳಿ ಎಂಬ ಕೊಡಗಿನ ಕಪ್ಪು ವಿನಿಗರಿನ ಗಾಢ ಹುಳಿ. ಕಾಳುಮೆಣಸಿನ ಪರಿಮಳಕ್ಕೆ ಕಾರಣವಾದ ರೊಟಂಡೋನ್ ಎಂಬ ಸಂಯುಕ್ತವೇ ಶಿರಾಜ್ ದ್ರಾಕ್ಷಿಯ ಮೆಣಸಿನ ವಾಸನೆಗೂ ಮೂಲ ಎಂಬುದನ್ನು 2008ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಪ್ರಕಟಿಸಿದರು. ಹೀಗೆ ಶಿರಾಜ್ ಮತ್ತು ಪಂದಿ ಕರಿಯ ಜೋಡಿಗೆ ರಸಾಯನಶಾಸ್ತ್ರದ ಒಪ್ಪಿಗೆಯೂ ಸಿಕ್ಕಂತಾಗಿದೆ. ಮೆಣಸಿನಕಾಯಿ ಕಡಿಮೆ ಹಾಕಿ ಕಾಳುಮೆಣಸು ಹೆಚ್ಚು ಹಾಕುವ ಮನೆಗಳಲ್ಲಿ ಈ ಜೋಡಿ ಇನ್ನೂ ಚೆನ್ನಾಗಿ ಕೂರುತ್ತದೆ. ಪಕ್ಕದ ಕಡಂಬುಟ್ಟು ಸಪ್ಪೆಯಾಗಿದ್ದು ಎರಡರ ನಡುವೆ ನಾಲಿಗೆಗೆ ಬಿಡುವು ಕೊಡುತ್ತದೆ.

ಕೊಡಗಿನ ಮನೆಗಳ ಹಣ್ಣಿನ ವೈನುಗಳು, ಮಂಗಳೂರಿನ ಕ್ರೈಸ್ತ ಮನೆಗಳ ಕ್ರಿಸ್ಮಸ್ ವೈನ್, ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿ ‘ಪೋರ್ಟ್’ ಎಂದು ಮಾರುವ ಸಿಹಿ ಕೆಂಪು ವೈನ್ ಇವು ಬಹಳ ಮಂದಿ ಕನ್ನಡಿಗರಿಗೆ ವೈನಿನ ಮೊದಲ ಪರಿಚಯ. ಅವುಗಳ ಸಿಹಿ ಊಟದ ನಡುವೆ ಭಾರವಾಗುತ್ತದೆ, ಊಟ ಮುಗಿದ ಮೇಲೆ ಚಿಕ್ಕ ಲೋಟದಲ್ಲಿ, ಹುರಿದ ಗೋಡಂಬಿ ಅಥವಾ ಹಣ್ಣಿನ ಕೇಕಿನ ಜೊತೆ ಹಿತವೆನಿಸುತ್ತದೆ. ಹೋಳಿಗೆಯ ಜೊತೆ ವೈನ್ ಬೇಕೆನ್ನುವವರು ‘ಲೇಟ್ ಹಾರ್ವೆಸ್ಟ್’ ಎಂದು ಬರೆದಿರುವ ಸಿಹಿ ಶೆನಿನ್ ಬ್ಲಾಂ ಹುಡುಕಬಹುದು, ತುಪ್ಪ ಧಾರಾಳವಾಗಿರಲಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಆಯ್ಕೆ ಇನ್ನೂ ಹೆಚ್ಚು. ಜರ್ಮನಿಯ ಮೋಸೆಲ್ ಕಣಿವೆಯ, ‘ಕ್ಯಾಬಿನೆಟ್’ ದರ್ಜೆಯ ಸಿಹಿಯಂಚಿನ ಬಿಳಿ ವೈನಾದ ರೀಸ್ಲಿಂಗ್‌ನಲ್ಲಿ ಆಲ್ಕೊಹಾಲ್ ಸಾಮಾನ್ಯವಾಗಿ ಶೇ 8ರಿಂದ 10ರ ಒಳಗಿದ್ದು, ಹುಳಿ ಮತ್ತು ಸಿಹಿ ಎರಡೂ ತುಂಬಿರುವುದರಿಂದ, ಹುಣಸೆ ಮತ್ತು ಖಾರದ ನಮ್ಮ ಅಡುಗೆಗೆ ಅದಕ್ಕಿಂತ ತಕ್ಕ ವೈನ್ ಇಲ್ಲವೆಂದೇ ಹೇಳಬೇಕು. ಫ್ರಾನ್ಸಿನ ವೂವ್ರೇ ಊರಿನ ಅರೆಸಿಹಿ ‘ಡೆಮಿ-ಸೆಕ್’ ಅದರ ಹತ್ತಿರದ್ದು. ಕೆಂಪಿನಲ್ಲಿ ಫ್ರಾನ್ಸಿನ ಬೋಜೊಲೇ ಪ್ರದೇಶದ ಗಮೇ, ಹಂದಿಮಾಂಸದ ದಿನ ಇಟಲಿಯ ಒಣ ಲಾಂಬ್ರುಸ್ಕೊ. ಭಾರತೀಯ ಊಟಕ್ಕೆ ಗೆವುರ್ಜ್‌ಟ್ರಮೀನರ್ ಎಂದು ಅಲ್ಲಿನ ಅಂಗಡಿಯವರು ಶಿಫಾರಸು ಮಾಡುವುದುಂಟು. ಆ ತಳಿಗೆ ಪರಿಮಳ ಹೆಚ್ಚಿದ್ದರೂ ಹುಳಿ ಕಡಿಮೆ, ಆಲ್ಕೊಹಾಲ್ ಜಾಸ್ತಿ, ಹುಣಸೆಯ ಎದುರಿಗೆ ಅದು ಸೋಲುತ್ತದೆ.

ಸುರಿಯುವುದು, ಉಳಿಸುವುದು

750 ಮಿಲಿಲೀಟರಿನ ಬಾಟಲಿಯಲ್ಲಿ 150 ಮಿಲಿಯ ಐದು ಲೋಟಗಳಿವೆ. ಶೇ 12.5ರ ವೈನಿನ ಅಂಥ ಒಂದು ಲೋಟದಲ್ಲಿ ಸುಮಾರು 15 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಯಾವ ಪ್ರಮಾಣದ ಆಲ್ಕೊಹಾಲೂ ಆರೋಗ್ಯಕ್ಕೆ ಸಂಪೂರ್ಣ ಸುರಕ್ಷಿತವಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು, ಹಾಗಾಗಿ ಇಬ್ಬರಿರುವ ಮನೆಯಲ್ಲಿ ಒಂದು ರಾತ್ರಿಗೆ ಬಾಟಲಿ ಮುಗಿಸಲೇಬೇಕೆಂಬ ಲೆಕ್ಕ ಬೇಡ. ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು, ಊಟದ ನಂತರ ಗಾಡಿ ಓಡಿಸುವವರು ಇದರಿಂದ ದೂರವಿರಬೇಕು. 375 ಮಿಲಿಯ ಅರ್ಧ ಬಾಟಲಿಗಳು ಸಿಕ್ಕಿದರೆ ಚಿಕ್ಕ ಸಂಸಾರಕ್ಕೆ ಅವೇ ಲೇಸು.

ಉಳಿದ ವೈನಿನ ಶತ್ರುಗಳು ಗಾಳಿ ಮತ್ತು ಬಿಸಿ. ಕೆಂಪಾಗಲಿ ಬಿಳಿಯಾಗಲಿ, ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಯೇ ಇಡಬೇಕು. ತೆರೆದ ಬಾಟಲಿಯಿಂದ ಊಟಕ್ಕೆ ಮೊದಲೇ ಅರ್ಧವನ್ನು ಚಿಕ್ಕ ಗಾಜಿನ ಶೀಸೆಗೆ ಕಂಠಮಟ್ಟ ತುಂಬಿ ಮುಚ್ಚಿಟ್ಟರೆ ಒಳಗೆ ಗಾಳಿಗೆ ಜಾಗವಿಲ್ಲದೆ ಇನ್ನೂ ಚೆನ್ನಾಗಿ ಉಳಿಯುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ದಿನ ಬಾಳುವ ಅದು ಗುಳ್ಳೆಯದಾದರೆ ಮರುದಿನವೇ ಮುಗಿಯಬೇಕು. ತೆರೆಯದ ಬಾಟಲಿಗಳನ್ನು ಫ್ರಿಜ್ಜಿನ ತಲೆಯ ಮೇಲೆ ಅಥವಾ ಒಲೆಯ ಪಕ್ಕದ ಕಪಾಟಿನಲ್ಲಿ ಇಡುವ ಮನೆಗಳು ಬಹಳ. ಎರಡೂ ಮನೆಯ ಅತಿ ಬಿಸಿಯ ಜಾಗಗಳು, ಮಂಚದ ಕೆಳಗಿನ ಕತ್ತಲೆ ಅದಕ್ಕಿಂತ ಎಷ್ಟೋ ವಾಸಿ. ಒಂದು ವಾರವಾಗಿ ಹುಳಿ ತಿರುಗಿದ ಕೆಂಪು ವೈನನ್ನು ಚೆಲ್ಲಬೇಕಾಗಿಲ್ಲ, ಕುರಿ ಅಥವಾ ಹಂದಿಯ ಮಾಂಸವನ್ನು ನೆನೆಹಾಕುವಾಗ ವಿನಿಗರಿನ ಬದಲಿಗೆ ಅದನ್ನೇ ಬಳಸಬಹುದು.